ರಕ್ತ ಕಡಿಮೆಯಾಗಿದೆ ಎಂದರೆ ಮಜ್ಜೆ ಸೋತಿದೆ ಎಂದೇ?

ಓದುಗರ ಪ್ರಶ್ನೆ, ರಕ್ತರೋಗ ತಜ್ಞರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಅಸ್ಥಿಮಜ್ಜೆ (ರಕ್ತ ತಯಾರಾಗುವ, ಮೂಳೆಯೊಳಗಿನ ಮೆದುಭಾಗ) ಮತ್ತು ರಕ್ತಕಣಗಳ ಕುರಿತಾದವು. ಹೆಚ್ಚಿನವರು ರಕ್ತಪರೀಕ್ಷೆಯ ವರದಿಯನ್ನೂ ಲಗತ್ತಿಸಿ, ಒಂದು ಸಂಖ್ಯೆಯ ಸುತ್ತ ಗೆರೆ ಎಳೆದು ಕಳುಹಿಸಿದ್ದಾರೆ. ಆ ಸಂಖ್ಯೆ ಇಳಿಯಲು ಮಜ್ಜೆಯಲ್ಲಿ ತಯಾರಿ ಕಡಿಮೆಯಾಗಿರಬೇಕು, ಇಲ್ಲವೇ ತಯಾರಾದ ಕಣಗಳು ಹೊರಗೆ ನಾಶವಾಗುತ್ತಿರಬೇಕು ಅಥವಾ ಸೋರಿಹೋಗುತ್ತಿರಬೇಕು. ಇವುಗಳಲ್ಲಿ ಯಾವುದು ಎಂದು ತಿಳಿಯದೆ ಶುರುಮಾಡಿದ ಚಿಕಿತ್ಸೆಯಿಂದಲೇ ಅನೇಕ ಪತ್ರಲೇಖಕರು ತಿಂಗಳುಗಟ್ಟಲೆ ಕಾಲ ಕಳೆದುಕೊಂಡಿದ್ದಾರೆ. ಆದುದರಿಂದ ಸಾಧ್ಯವಾದ ಕಡೆಯೆಲ್ಲ ಈ ಪ್ರಶ್ನೆಯನ್ನೇ ಹಿಡಿದು ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ರಕ್ತ ಮೂಳೆಯೊಳಗೆ ಹುಟ್ಟುತ್ತದೆ ಎಂದರೆ ನಮ್ಮ ಮಾವನವರು ಒಪ್ಪುವುದಿಲ್ಲ. ಕುರಿಯ ಈಲಿ ತಿಂದರೆ ರಕ್ತ ಹೆಚ್ಚುತ್ತದೆ, ಹಾಗಾಗಿ ರಕ್ತ ಹುಟ್ಟುವುದು ಯಕೃತ್ತಿನಲ್ಲೇ ಎಂದು ಅವರ ವಾದ. ಯಾರು ಸರಿ?
— ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ನೀವು ಕಲಿಸುತ್ತಿರುವುದು ಸರಿ, ಆದರೆ ಮಾವನವರ ಮಾತನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಗರ್ಭದಲ್ಲಿರುವ ಶಿಶುವಿಗೆ ಹಲವು ತಿಂಗಳು ರಕ್ತ ತಯಾರಾಗುವುದು ಮುಖ್ಯವಾಗಿ ಯಕೃತ್ತಿನಲ್ಲೇ. ಅದಕ್ಕೂ ಮೊದಲು, ಮೂರನೆಯ ವಾರದ ಸುಮಾರಿಗೆ, ಭ್ರೂಣಕ್ಕೆ ಅಂಟಿಕೊಂಡಿರುವ ಅಂಡಪೀತ ಚೀಲದಲ್ಲಿ ಮೊದಲ ರಕ್ತಕಣಗಳು ಕಾಣಿಸಿಕೊಳ್ಳುತ್ತವೆ. ಮೂಳೆಗಳು ರೂಪುಗೊಂಡಂತೆ ಕೆಲಸ ನಿಧಾನವಾಗಿ ಅಲ್ಲಿಗೆ ವರ್ಗವಾಗಿ, ಹುಟ್ಟುವ ಹೊತ್ತಿಗೆ ಮಜ್ಜೆಯೇ ಪೂರ್ಣ ಹೊಣೆ ಹೊತ್ತಿರುತ್ತದೆ. ಹಸುಗೂಸಿನ ಹೆಚ್ಚುಕಡಿಮೆ ಎಲ್ಲ ಮೂಳೆಗಳಲ್ಲೂ ಕೆಂಪು ಮಜ್ಜೆ ಇರುತ್ತದೆ. ಬೆಳೆಯುತ್ತಾ ಹೋದಂತೆ ಕೈಕಾಲುಗಳ ಮೂಳೆಗಳಲ್ಲಿ ಅದು ಕೊಬ್ಬು ತುಂಬಿದ ಹಳದಿ ಮಜ್ಜೆಯಾಗಿ, ವಯಸ್ಕರಲ್ಲಿ ಬೆನ್ನುಮೂಳೆ, ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬು, ತಲೆಬುರುಡೆ ಹಾಗೂ ತೊಡೆ ಮತ್ತು ತೋಳಿನ ಮೂಳೆಗಳ ಮೇಲ್ತುದಿಗಳಲ್ಲಿ ಮಾತ್ರ ರಕ್ತ ತಯಾರಿ ಉಳಿಯುತ್ತದೆ.

ಮೂಳೆಯೊಳಗೆ ರಕ್ತ ಹುಟ್ಟುತ್ತದೆ ಎಂಬುದು ತಿಳಿದದ್ದು 1868ರಲ್ಲಿ. ಜರ್ಮನಿಯ ಅರ್ನ್‌ಸ್ಟ್ ನ್ಯೂಮನ್ ಮತ್ತು ಇಟಲಿಯ ಜೂಲಿಯೊ ಬಿಜ್ಜೊಜೆರೊ ಇದನ್ನು ಬೇರೆಬೇರೆಯಾಗಿ ಕಂಡರು. ಅಲ್ಲಿನ ಎಲ್ಲ ಕಣಗಳಿಗೂ ಮೂಲವಾದ ಆಕರಕೋಶಗಳಿವೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1961ರಲ್ಲಿ, ಕೆನಡಾದ ಟಿಲ್ ಮತ್ತು ಮೆಕ್ಯುಲಕ್ ಅವರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ. ಈ ಆಕರಕೋಶಗಳಿಂದಲೇ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್‌ಗಳೆಲ್ಲ ಕವಲೊಡೆಯುತ್ತವೆ. ಕೆಂಪು ಕಣ ಸುಮಾರು 120 ದಿನ, ಪ್ಲೇಟ್‌ಲೆಟ್ 7ರಿಂದ 10 ದಿನ ಬದುಕುತ್ತವೆ. ಸೋಂಕಿನ ವಿರುದ್ಧ ಮೊದಲು ಹೊರಡುವ ನ್ಯೂಟ್ರೊಫಿಲ್ ಎಂಬ ಬಿಳಿ ಕಣಕ್ಕೆ ರಕ್ತದಲ್ಲಿ ಅಷ್ಟು ದಿನವೂ ಇಲ್ಲ. ಈ ನಷ್ಟವನ್ನು ತುಂಬಲು ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳನ್ನು ಹೊರಬಿಡುತ್ತದೆ. ಎಷ್ಟು ಬೇಕೆಂದು ಸೂಚಿಸುವುದು ಮೂತ್ರಪಿಂಡ: ರಕ್ತದಲ್ಲಿ ಆಮ್ಲಜನಕ ಇಳಿದರೆ ಅದು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಡಯಾಲಿಸಿಸ್ ರೋಗಿಗಳಿಗೆ ಈ ಹಾರ್ಮೋನಿನ ಚುಚ್ಚುಮದ್ದು ಕೊಡುವುದು ಇದೇ ಕಾರಣಕ್ಕೆ.

ಇನ್ನು ಈಲಿಯ ವಿಚಾರ. ಅದರಲ್ಲಿ ಕಬ್ಬಿಣ, ಬಿ12, ಫೋಲೇಟ್ ಮೂರೂ ಹೇರಳವಾಗಿವೆ. ಮೂರೂ ಮಜ್ಜೆಗೆ ಬೇಕಾದ ಸಾಮಗ್ರಿ. ಆಗ ಮಾರಕವಾಗಿದ್ದ ಒಂದು ಬಗೆಯ ರಕ್ತಹೀನತೆಯನ್ನು ಈಲಿಯ ಪಥ್ಯದಿಂದ ಗುಣಪಡಿಸಬಹುದೆಂದು ತೋರಿಸಿದ ಕೆಲಸಕ್ಕಾಗಿ ಅಮೆರಿಕದ ಮೂವರು ವೈದ್ಯರಿಗೆ 1934ರ ನೊಬೆಲ್ ಪ್ರಶಸ್ತಿ ಬಂದಿತ್ತು. ಮಾವನವರಿಗೆ ಇದನ್ನು ಹೇಳಿದರೆ ಮನೆಯಲ್ಲಿ ರಾಜಿಯಾಗಬಹುದು.

ಪ್ರಶ್ನೆ: ಮಗಳಿಗೆ 23 ವರ್ಷ. ಹಿಮೋಗ್ಲೋಬಿನ್ 10.6 ಇದೆ. ಆರು ತಿಂಗಳಿನಿಂದ ಕಬ್ಬಿಣದ ಮಾತ್ರೆ ಕೊಟ್ಟರೂ ಏರಿಲ್ಲ. ಅವಳಿಗೆ ಸುಸ್ತು, ತಲೆಸುತ್ತು ಏನೂ ಇಲ್ಲ. ಮದುವೆ ನಿಶ್ಚಯವಾಗಿದೆ. ಇಂಜೆಕ್ಷನ್ ಮೂಲಕ ಕಬ್ಬಿಣ ಕೊಡಿಸಲೇ? ವರದಿ ಲಗತ್ತಿಸಿದ್ದೇನೆ.
— ತಾಯಿ, ದಾವಣಗೆರೆ

ಉತ್ತರ: ದಯವಿಟ್ಟು ಈಗಲೇ ಇಂಜೆಕ್ಷನ್ ಬೇಡ. ನೀವು ಗೆರೆ ಎಳೆದಿರುವುದು ಹಿಮೋಗ್ಲೋಬಿನ್‌ಗೆ. ನನ್ನ ಕಣ್ಣು ಹೋದದ್ದು ಅದರ ಕೆಳಗಿನ ಎರಡು ಸಾಲುಗಳ ಮೇಲೆ. ಕೆಂಪು ಕಣಗಳ ಸರಾಸರಿ ಗಾತ್ರವನ್ನು ಹೇಳುವ ಎಂಸಿವಿ 64 ಇದೆ. ಅಂದರೆ ಕಣಗಳು ತೀರಾ ಚಿಕ್ಕವಾಗಿವೆ (80ಕ್ಕಿಂತ ಮೇಲಿರಬೇಕಿತ್ತು). ಆದರೆ ಕೆಂಪು ಕಣಗಳ ಎಣಿಕೆ 56 ಲಕ್ಷ ಇದೆ. ಕಬ್ಬಿಣದ ತೀವ್ರ ಕೊರತೆಯಲ್ಲಿ ಕಣಗಳು ಚಿಕ್ಕದಾಗುವುದರ ಜೊತೆಗೆ ಸಂಖ್ಯೆಯೂ ತಗ್ಗುವುದು ವಾಡಿಕೆ. ಇಲ್ಲಿ ಚಿಕ್ಕ ಕಣಗಳು ದಂಡಿಯಾಗಿವೆ. ಎಂಸಿವಿಯನ್ನು ಮಿಲಿಯನ್ ಲೆಕ್ಕದ ಕಣಗಳ ಎಣಿಕೆಯಿಂದ, ಅಂದರೆ 64ನ್ನು 5.6ರಿಂದ, ಭಾಗಿಸಿದರೆ 11.4 ಬರುತ್ತದೆ. ಇದು 13ಕ್ಕಿಂತ ಕಡಿಮೆ ಬಂದಾಗ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರೋಗ) ವಾಹಕ ಸ್ಥಿತಿಯನ್ನು ಮೊದಲು ಶಂಕಿಸಬೇಕು. ಇದು ಶಂಕೆಯಷ್ಟೇ, ನಿರ್ಣಯವಲ್ಲ.

ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ ಎಚ್‌ಪಿಎಲ್‌ಸಿ ವಿಧಾನದ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿರಿ. ಎರಡನೆಯದರಲ್ಲಿ ಹಿಮೋಗ್ಲೋಬಿನ್ ಎ2 ಎಂಬ ಅಂಶ ಶೇ 3.5ನ್ನು ದಾಟಿದ್ದರೆ ಸಾಮಾನ್ಯವಾಗಿ ಬೀಟಾ ಥಲಸ್ಸೀಮಿಯಾ ವಾಹಕ ಎಂದು ತಿಳಿಯಬಹುದು. ಫೆರಿಟಿನ್ ಏಕೆಂದರೆ, ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಎ2 ಪ್ರಮಾಣ ತುಸು ತಗ್ಗಿ ಮೋಸಮಾಡಬಲ್ಲದು. ಆ ಕೊರತೆ ಇದ್ದರೆ ಕಬ್ಬಿಣ ಬೇಕು; ಇಲ್ಲದಿದ್ದರೆ ಇನ್ನೊಂದು ಮಾತ್ರೆಯೂ ಬೇಡ, ಏಕೆಂದರೆ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ದೇಹಕ್ಕಿಲ್ಲ. ವಾಹಕಳಾಗಿದ್ದರೂ ಅವಳು ರೋಗಿಯಲ್ಲ. ಓದು, ಉದ್ಯೋಗ, ಬಸಿರು, ಬಾಣಂತನ ಯಾವುದಕ್ಕೂ ಅಡ್ಡಿಯಿಲ್ಲ.

ಈಗ ಮದುವೆಯ ಮಾತು. ಇದನ್ನು ಬೀಗರಿಂದ ಮುಚ್ಚಿಡುವ ಯೋಚನೆ ಮನೆಯಲ್ಲಿ ಬರಬಹುದು, ಅದು ಬೇಡ. ಹುಡುಗನಿಗೂ ಇದೇ ಪರೀಕ್ಷೆ ಮಾಡಿಸಿದರೆ ಪ್ರಶ್ನೆ ಬಗೆಹರಿಯುತ್ತದೆ. ಅವನು ವಾಹಕನಲ್ಲದಿದ್ದರೆ ಮಕ್ಕಳಿಗೆ ತೀವ್ರ ಥಲಸ್ಸೀಮಿಯಾ ಬರುವ ಭಯವಿಲ್ಲ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಶೇ 25ರಷ್ಟು ಸಂಭವವಿದೆ. ಆಗಲೂ ಮದುವೆ ಮುರಿಯಬೇಕಾಗಿಲ್ಲ. ಗರ್ಭ ನಿಂತ ಕೂಡಲೇ ತಜ್ಞರಿಗೆ ತಿಳಿಸಿದರೆ, 10ರಿಂದ 12 ವಾರಗಳ ಸುಮಾರಿಗೆ ಮಾಸಿನ ಚಿಕ್ಕ ತುಣುಕನ್ನು ತೆಗೆದು ಭ್ರೂಣದ ಸ್ಥಿತಿಯನ್ನು ಪರೀಕ್ಷಿಸುತ್ತಾರೆ. ತೀವ್ರ ರೂಪದ ಥಲಸ್ಸೀಮಿಯಾ ಇರುವ ಮಗುವಿನ ಮಜ್ಜೆ ಸುಮ್ಮನೆ ಕುಳಿತಿರುವುದಿಲ್ಲ. ಮುಖದ, ತಲೆಬುರುಡೆಯ ಮೂಳೆಗಳು ಉಬ್ಬುವಷ್ಟು ಅದು ದುಡಿಯುತ್ತದೆ. ಆದರೆ ಹುಟ್ಟುವ ಕಣಗಳಲ್ಲಿ ಹೆಚ್ಚಿನವು ಮಜ್ಜೆಯೊಳಗೇ ಸಾಯುತ್ತವೆ. ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಪಡೆಯುತ್ತಾ, ಅದರಿಂದ ಶೇಖರವಾಗುವ ಕಬ್ಬಿಣವನ್ನು ತೆಗೆಯಲು ದಿನವೂ ಔಷಧ ಸೇವಿಸುತ್ತಾ ಬೆಳೆಯುವ ಮಕ್ಕಳನ್ನು ನೋಡಿದ ಯಾರೂ ಮದುವೆಗೆ ಮುಂಚಿನ ಈ ಪರೀಕ್ಷೆಯನ್ನು ಅನಗತ್ಯ ಎನ್ನಲಾರರು. ಜಾತಕ ಕೂಡಿಸುವ ಹೊತ್ತಿನಲ್ಲೇ ಇದೂ ಆಗಿಬಿಟ್ಟರೆ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಬೀಟ್‌ರೂಟ್ ರಸ ಕುಡಿದರೆ ರಕ್ತ ಹೆಚ್ಚುತ್ತದೆಯೇ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಬೀಟ್‌ರೂಟ್‌ನ ಕೆಂಪಿಗೂ ರಕ್ತದ ಕೆಂಪಿಗೂ ಸಂಬಂಧವಿಲ್ಲ. ಅದರಲ್ಲಿ ಫೋಲೇಟ್ ಚೆನ್ನಾಗಿದೆ, ಕಬ್ಬಿಣ ಅಲ್ಪ. ಊಟದ ಜೊತೆಗೇ ಚಹಾ, ಕಾಫಿ ಕುಡಿಯುವುದನ್ನು ಬಿಟ್ಟು, ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ ಅದಕ್ಕಿಂತ ಹೆಚ್ಚು ಪ್ರಯೋಜನವಾದೀತು.

ಪ್ರಶ್ನೆ: ಡೆಂಗಿ ಬಂದಾಗ ನನ್ನ ಪ್ಲೇಟ್‌ಲೆಟ್ 38,000ಕ್ಕೆ ಇಳಿಯಿತು. ಮಜ್ಜೆ ಒಣಗಿದೆ, ಕೂಡಲೇ ಪ್ಲೇಟ್‌ಲೆಟ್ ಹಾಕಿಸಬೇಕು ಎಂದು ನೆಂಟರು ಗಾಬರಿಪಡಿಸಿದರು. ವೈದ್ಯರು ಹಾಕಲಿಲ್ಲ, ಆದರೂ ವಾರದೊಳಗೆ ಸರಿಹೋಯಿತು. ಇದು ಹೇಗೆ? ಪಪ್ಪಾಯಿ ಎಲೆಯ ರಸದಿಂದಲೇ?
— ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ವೈದ್ಯರು ಮಾಡಿದ್ದು ಸರಿ. ಡೆಂಗಿಯ ಮೊದಲ ದಿನಗಳಲ್ಲಿ ವೈರಸ್ ಮಜ್ಜೆಯನ್ನು ಸ್ವಲ್ಪ ಕುಗ್ಗಿಸುತ್ತದೆ ನಿಜ. ಜೊತೆಗೆ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳೂ ನಾಶವಾಗುತ್ತವೆ. ಕುಗ್ಗಿದ ಮಜ್ಜೆ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ರಕ್ತಸ್ರಾವವಿಲ್ಲದ ರೋಗಿಗೆ ಎಣಿಕೆ 10,000ದ ಆಸುಪಾಸಿಗೆ ಇಳಿಯದ ಹೊರತು ಪ್ಲೇಟ್‌ಲೆಟ್ ಕೊಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಡೆಂಗಿಯಲ್ಲಿ ಪ್ರಾಣಾಪಾಯ ಹೆಚ್ಚಾಗಿ ಬರುವುದು ರಕ್ತನಾಳಗಳಿಂದ ರಕ್ತದ ದ್ರವಾಂಶ ಸೋರುವುದರಿಂದ. ಅದೂ ಜ್ವರ ಬಿಟ್ಟಿತೆಂದು ಮನೆಯವರು ನೆಮ್ಮದಿಯಿಂದಿರುವ ದಿನಗಳಲ್ಲೇ. ಹೊಟ್ಟೆನೋವು, ಪದೇಪದೇ ವಾಂತಿ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ವರದಿಯಲ್ಲಿ ಹಿಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿರುವುದು: ಗಮನವಿಡಬೇಕಾದದ್ದು ಇವುಗಳ ಮೇಲೆ. ಪಪ್ಪಾಯಿ ಎಲೆಯ ರಸ ರಕ್ತಸ್ರಾವವನ್ನಾಗಲಿ ಸಾವನ್ನಾಗಲಿ ತಪ್ಪಿಸುತ್ತದೆ ಎಂಬುದು ಸಾಬೀತಾಗಿಲ್ಲ. ನಿಮಗೆ ಗುಣವಾದ ಸಮಯ, ರಸ ಕುಡಿಯದವರಿಗೂ ಗುಣವಾಗುವ ಸಮಯವೇ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ.

ನೀವು ಮಲೆನಾಡಿನವರಾದ್ದರಿಂದ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಮತ್ತು ಬಿಳಿ ಕಣಗಳೆರಡೂ ಇಳಿಯುತ್ತವೆ. ಚಳಿಗಾಲ, ಬೇಸಿಗೆಯ ತಿಂಗಳುಗಳಲ್ಲಿ, ಸೌದೆಗೋ ಸೊಪ್ಪಿಗೋ ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ, ಡೆಂಗಿ ಪರೀಕ್ಷೆ ಇಲ್ಲವೆಂದು ಬಂದಿತು ಎಂದು ಅಷ್ಟಕ್ಕೇ ಸುಮ್ಮನಾಗಬಾರದು. ಉಣುಗು ಕಚ್ಚಿದ್ದನ್ನು, ಸುತ್ತಮುತ್ತ ಮಂಗ ಸತ್ತಿದ್ದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಪ್ರಶ್ನೆ: ತಂದೆಗೆ 68 ವರ್ಷ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ಅಪ್ಪಟ ಸಸ್ಯಾಹಾರಿ. ಹಿಮೋಗ್ಲೋಬಿನ್ 7.2, ಬಿಳಿ ಕಣ 2,400, ಪ್ಲೇಟ್‌ಲೆಟ್ 68,000 ಇದೆ. ಟಾನಿಕ್ ಕೊಟ್ಟು ಸಾಕಾಗಿದೆ. ಈಗ ಬೋನ್ ಮ್ಯಾರೋ ಪರೀಕ್ಷೆ ಆಗಬೇಕು ಎಂದಿದ್ದಾರೆ. ಬೆನ್ನುಹುರಿಗೆ ಸೂಜಿ ಹಾಕಿಸಿದರೆ ಕಾಲು ಸ್ವಾಧೀನ ತಪ್ಪುತ್ತದೆ ಎಂದು ಊರಲ್ಲಿ ಹೆದರಿಸುತ್ತಿದ್ದಾರೆ.
— ಮಗ, ಕಲಬುರಗಿ ಜಿಲ್ಲೆ

ಉತ್ತರ: ಸೂಜಿ ಬೆನ್ನುಹುರಿಯ ಹತ್ತಿರಕ್ಕೂ ಹೋಗುವುದಿಲ್ಲ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಸೊಂಟದ ಹಿಂಬದಿಯಲ್ಲಿ ಕೈಗೆ ಗಟ್ಟಿಯಾಗಿ ಸಿಗುವ ಮೂಳೆಯ ಉಬ್ಬನ್ನು ಗುರುತಿಸಿ, ಚರ್ಮವನ್ನೂ ಮೂಳೆಯ ಹೊದಿಕೆಯನ್ನೂ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಆ ಬಳಿಕ ಮಜ್ಜೆಯ ಸೂಜಿಯನ್ನು ಇಳಿಸುತ್ತಾರೆ. ಒಳಗಿನ ದ್ರವವನ್ನು ಸಿರಿಂಜಿನಲ್ಲಿ ಎಳೆಯುವ ಕ್ಷಣದಲ್ಲಿ ಮಾತ್ರ ತೊಡೆಯವರೆಗೆ ಸೆಳೆದಂತೆ ನೋವಾಗುತ್ತದೆ. ಅದನ್ನು ಮರಗಟ್ಟಿಸಲಾಗದು, ಆದರೆ ಕೆಲವೇ ಸೆಕೆಂಡು. ಎಳೆದದ್ದನ್ನು ಅಲ್ಲೇ ಗಾಜಿನ ಪಟ್ಟಿಯ ಮೇಲೆ ಸುರಿದು ಓರೆಮಾಡಿದರೆ, ರಕ್ತ ಜಾರಿ ಜಿಡ್ಡಿನ ಹೊಳಪಿನ ಸಣ್ಣ ಕಣಿಕೆಗಳು ಉಳಿದುಕೊಳ್ಳುತ್ತವೆ. ಮಜ್ಜೆ ಎಂದರೆ ಅವು. ಅವು ಕಾಣದಿದ್ದರೆ ಬಂದದ್ದು ಬರೀ ರಕ್ತ ಎಂದು ತಿಳಿದು ಮತ್ತೆ ಪ್ರಯತ್ನಿಸುತ್ತಾರೆ. ಜೊತೆಗೆ ಒಂದೆರಡು ಸೆಂಟಿಮೀಟರ್ ಉದ್ದದ, ಕಡ್ಡಿಯಂಥ ಮೂಳೆಯ ತುಣುಕನ್ನೂ ತೆಗೆಯುತ್ತಾರೆ. ಅದರೊಳಗಿನ ಸುಣ್ಣದಂಶವನ್ನು ಕರಗಿಸಿದ ಮೇಲೆ ಪರೀಕ್ಷಿಸಬೇಕಾದ್ದರಿಂದ ಆ ವರದಿ ತಡವಾಗಿ ಬರುತ್ತದೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು.

ಪರೀಕ್ಷೆ ಬೇಕೇ ಎಂದರೆ, ಮೂರೂ ಬಗೆಯ ಕಣಗಳು ಒಟ್ಟಿಗೆ ಇಳಿದಿರುವುದರಿಂದ ಮಜ್ಜೆಯತ್ತ ನೋಡದೆ ವಿಧಿಯಿಲ್ಲ. ಆದರೂ ಬಿ12 ಮಟ್ಟ, ರೆಟಿಕ್ಯುಲೊಸೈಟ್ ಎಣಿಕೆ, ಸೂಕ್ಷ್ಮದರ್ಶಕದಲ್ಲಿ ರಕ್ತದ ಲೇಪನದ ಪರಿಶೀಲನೆ ಇವಿಷ್ಟೂ ಆಗಿವೆಯೇ ಎಂದು ಮೊದಲು ಕೇಳಿರಿ. ರೆಟಿಕ್ಯುಲೊಸೈಟ್ ಎಂದರೆ ಮಜ್ಜೆಯಿಂದ ಆಗತಾನೇ ಹೊರಬಂದ ಎಳೆಯ ಕೆಂಪು ಕಣ. ಅವು ಹೆಚ್ಚಿದ್ದರೆ ಮಜ್ಜೆ ದುಡಿಯುತ್ತಿದೆ, ನಷ್ಟ ಹೊರಗಿದೆ. ಕಡಿಮೆಯಿದ್ದರೆ ತೊಂದರೆ ತಯಾರಿಯಲ್ಲೇ. ಇಷ್ಟು ಅಗ್ಗದ, ಇಷ್ಟು ಉಪಯುಕ್ತ ಪರೀಕ್ಷೆಯನ್ನು ನಮ್ಮಲ್ಲಿ ಬರೆದುಕೊಡುವವರು ಕಡಿಮೆ ಎಂಬುದು ನನ್ನ ಹಳೆಯ ತಕರಾರು.

ತಂದೆಯವರ ಎಂಸಿವಿ 112, ಅಂದರೆ ಕಣಗಳು ದೊಡ್ಡವಾಗಿವೆ. ಸಸ್ಯಾಹಾರ, ಜೊತೆಗೆ ಸಕ್ಕರೆ ಕಾಯಿಲೆಗೆ ಹತ್ತು ವರ್ಷ ಮೆಟ್‌ಫಾರ್ಮಿನ್ ನುಂಗಿದ್ದರೆ ಬಿ12 ಕೊರತೆ ಬಲವಾದ ಸಾಧ್ಯತೆ. ಆ ಕೊರತೆ ಮೂರೂ ಕಣಗಳನ್ನು ಇಳಿಸಿ ರಕ್ತದ ಕ್ಯಾನ್ಸರಿನ ವೇಷ ಹಾಕಬಲ್ಲದು. ಅದೇ ಆಗಿದ್ದರೆ, ಬಿ12 ಚುಚ್ಚುಮದ್ದು ಶುರುವಾದ 5ರಿಂದ 7 ದಿನಗಳಲ್ಲಿ ರೆಟಿಕ್ಯುಲೊಸೈಟ್‌ಗಳು ಏರಿ ಉತ್ತರ ಹೇಳುತ್ತವೆ. ಏರದಿದ್ದರೆ ಮೈಲೊಡಿಸ್‌ಪ್ಲಾಸಿಯಾ, ಅಂದರೆ ವಯಸ್ಸಾದವರ ಮಜ್ಜೆಯಲ್ಲಿ ಆಕರಕೋಶಗಳು ಕೆಟ್ಟು ಅರೆಬರೆ ಕಣಗಳನ್ನು ತಯಾರಿಸುವ ಸ್ಥಿತಿ, ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್), ಮೈಲೊಮಾ (ಮಜ್ಜೆಯ ಇನ್ನೊಂದು ಕ್ಯಾನ್ಸರ್) ಇವುಗಳನ್ನು ಪರಿಶೀಲಿಸಬೇಕು. ಹಿರಿಯರ ಬಿಡದ ಬೆನ್ನುನೋವು, ರಕ್ತಹೀನತೆ, ಏರಿದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಲುತ್ತಿರುವ ಸೂಚನೆ) ಮೂರೂ ಒಟ್ಟಿಗಿದ್ದಾಗ ಮೈಲೊಮಾವನ್ನು ಮರೆಯಬಾರದು. ವಯಸ್ಸಾಯಿತು, ಬೆನ್ನು ನೋಯುತ್ತದೆ ಎಂದು ಎಣ್ಣೆ ತಿಕ್ಕುತ್ತಾ ಕಾಲ ಕಳೆದು, ಮೂಳೆ ಮುರಿದ ಮೇಲೆ ನಮ್ಮಲ್ಲಿಗೆ ಬರುವವರು ಅನೇಕರು.

ಪ್ರಸಂಗವಶಾತ್, ಮಜ್ಜೆಗೆ ಬಿ12ರಷ್ಟೇ ಅಗತ್ಯವಾದ ಫೋಲಿಕ್ ಆಮ್ಲದ ಕಥೆಯಲ್ಲಿ ಭಾರತದ ಪಾಲು ದೊಡ್ಡದು. 1928ರಲ್ಲಿ ಮುಂಬೈಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಕಂಡುಹಿಡಿದರು. ಅದರಲ್ಲಿದ್ದದ್ದು ಫೋಲೇಟ್ ಎಂಬುದು ಆಮೇಲೆ ತಿಳಿಯಿತು. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕ ಸೇರಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿತು, ಅದರ ಕೆಲಸವನ್ನು ತಡೆಯುವ ರಾಸಾಯನಿಕಗಳನ್ನೂ ತಯಾರಿಸಿತು. ಅವುಗಳನ್ನು ಬಳಸಿಯೇ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ಲ್ಯುಕೇಮಿಯಾವನ್ನು ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿಸಿ 1948ರಲ್ಲಿ ವರದಿ ಮಾಡಿದ್ದು. ಆ ವರ್ಷವೇ ಸುಬ್ಬರಾವ್ ತೀರಿಕೊಂಡರು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮ ಹಾಡಿಯಲ್ಲಿ ಸಿಕಲ್ ಸೆಲ್ ಇರುವ ಬಾಲಕನಿಗೆ ಜ್ವರ ಬಂದು, ಎರಡೇ ದಿನದಲ್ಲಿ ರಕ್ತ ಪೂರ್ತಿ ಇಳಿದುಹೋಯಿತು. ಅಷ್ಟು ಬೇಗ ಹೇಗೆ ಇಳಿಯಲು ಸಾಧ್ಯ?
— ಚಾಮರಾಜನಗರ ಜಿಲ್ಲೆ

ಉತ್ತರ: ಸಿಕಲ್ ಸೆಲ್ ಎಂಬುದು ಕೆಂಪು ಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ರೋಗ. ಅದು ಇರುವವರ ಕೆಂಪು ಕಣ 120 ದಿನ ಬಾಳುವುದಿಲ್ಲ, 10ರಿಂದ 20 ದಿನಗಳಲ್ಲೇ ಒಡೆಯುತ್ತದೆ. ಮಜ್ಜೆ ಹಗಲಿರುಳು ಹಲವು ಪಟ್ಟು ದುಡಿದು ಆ ನಷ್ಟವನ್ನು ತುಂಬುತ್ತಿರುತ್ತದೆ. ಪಾರ್ವೊವೈರಸ್ ಬಿ19 ಎಂಬ ವೈರಸ್ ಕೆಂಪು ಕಣಗಳ ಎಳೆಯ ಪೂರ್ವಜಕೋಶಗಳನ್ನೇ ಹಿಡಿದು ಒಂದು ವಾರದಷ್ಟು ಕಾಲ ತಯಾರಿಯನ್ನು ನಿಲ್ಲಿಸಿಬಿಡುತ್ತದೆ. ಆರೋಗ್ಯವಂತರಿಗೆ ಆ ವಾರ ಗೊತ್ತೇ ಆಗುವುದಿಲ್ಲ; ಈ ಹುಡುಗನಿಗೆ ಅದು ಪ್ರಾಣಾಪಾಯ. ರೆಟಿಕ್ಯುಲೊಸೈಟ್ ಬಹುತೇಕ ಸೊನ್ನೆಗೆ ಬಂದಿದ್ದರೆ ಇದೇ ಎಂದು ತಿಳಿದು ರಕ್ತ ಕೊಡುತ್ತಾರೆ. ಹಠಾತ್ತನೆ ರಕ್ತ ಇಳಿಯಲು ಇನ್ನೊಂದು ಕಾರಣ ಗುಲ್ಮದಲ್ಲಿ ರಕ್ತ ಸಿಕ್ಕಿಕೊಳ್ಳುವುದು. ಆಗ ಎಡಪಕ್ಕೆಯ ಕೆಳಗೆ ಊತ ಕೈಗೆ ಸಿಗುತ್ತದೆ. ಹೊಟ್ಟೆ ಮುಟ್ಟಿ ನೋಡುವುದನ್ನು ತಾಯಂದಿರಿಗೆ ಕಲಿಸಿಕೊಡಿ.

ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು ತಪ್ಪಿಸದೆ ನುಂಗಿದರೆ ಈ ರೋಗದಲ್ಲಿ ಪದೇಪದೇ ಬರುವ ನೋವು ಗಣನೀಯವಾಗಿ ತಗ್ಗುತ್ತದೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಡಿ ನಿಮ್ಮ ಹಾಡಿಯಲ್ಲೂ ತಪಾಸಣೆ ನಡೆದಿದ್ದರೆ, ಕಾರ್ಡು ಹಂಚಿದ ಮೇಲೆ ಮಾತ್ರೆ ಪ್ರತಿ ತಿಂಗಳೂ ತಲುಪುತ್ತಿದೆಯೇ ಎಂದು ನೋಡುವವರು ನೀವೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್, ಥಲಸ್ಸೀಮಿಯಾ, ಹಿಮೊಫಿಲಿಯಾ ಮೂರೂ ಸೇರಿವೆ ಎಂಬುದನ್ನೂ ಮನೆಯವರಿಗೆ ತಿಳಿಸಿರಿ.

ಪ್ರಶ್ನೆ: ತಮ್ಮನಿಗೆ 24 ವರ್ಷ, ಅಪ್ಲಾಸ್ಟಿಕ್ ಅನೀಮಿಯಾ ಎಂದಿದ್ದಾರೆ. ನನ್ನ ಮಜ್ಜೆ ಅವನಿಗೆ ಹೊಂದುತ್ತದೆ. ನನಗೆ ಮದುವೆಯಾಗಿ ಒಂದು ವರ್ಷ. ಮಜ್ಜೆ ಕೊಟ್ಟರೆ ನಿಶ್ಶಕ್ತಿಯಾಗುತ್ತದೆ, ಮಕ್ಕಳಾಗುವುದಿಲ್ಲ ಎಂದು ಅತ್ತೆಯವರು ಆತಂಕದಲ್ಲಿದ್ದಾರೆ.
— ಅಕ್ಕ, ಬೆಂಗಳೂರು

ಉತ್ತರ: ಅಪ್ಲಾಸ್ಟಿಕ್ ಅನೀಮಿಯಾ ಕ್ಯಾನ್ಸರ್ ಅಲ್ಲ. ಹೆಚ್ಚಿನ ರೋಗಿಗಳಲ್ಲಿ ಸ್ವಂತ ರೋಗನಿರೋಧಕ ಕೋಶಗಳೇ ಆಕರಕೋಶಗಳನ್ನು ಕೊಂದು, ಮಜ್ಜೆಯ ಜಾಗದಲ್ಲಿ ಕೊಬ್ಬು ಉಳಿಯುತ್ತದೆ. ತೀವ್ರ ಸ್ವರೂಪದ್ದಾಗಿ, ರೋಗಿ ಚಿಕ್ಕ ವಯಸ್ಸಿನವನಾಗಿ, ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದಿದರೆ ಕಸಿಯೇ ಮೊದಲ ಆಯ್ಕೆ. ಒಬ್ಬ ಒಡಹುಟ್ಟಿನ ಎಚ್‌ಎಲ್‌ಎ (ಕಸಿಗೆ ಹೊಂದಿಸಿ ನೋಡುವ ಕೋಶದ ಗುರುತು) ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ನಿಮ್ಮ ತಮ್ಮ ಅದೃಷ್ಟವಂತ. ರಕ್ತದ ಗುಂಪು ಬೇರೆಯಿದ್ದರೂ ಕಸಿ ಮಾಡಬಹುದು, ಆಮೇಲೆ ಅವನ ಗುಂಪು ನಿಮ್ಮದಕ್ಕೆ ಬದಲಾಗುತ್ತದೆ.

ನಿಮ್ಮಿಂದ ಯಾವ ಅಂಗವನ್ನೂ ಕತ್ತರಿಸಿ ತೆಗೆಯುವುದಿಲ್ಲ. ಅನೇಕ ರೋಗಗಳಲ್ಲಿ ದಾನಿಗೆ ನಾಲ್ಕೈದು ದಿನ, ಆಕರಕೋಶಗಳನ್ನು ಮಜ್ಜೆಯಿಂದ ಹೊರತಳ್ಳುವ ಜಿ-ಸಿಎಸ್‌ಎಫ್ ಚುಚ್ಚುಮದ್ದು ಕೊಟ್ಟು, ರಕ್ತಕ್ಕೆ ಇಳಿದ ಆಕರಕೋಶಗಳನ್ನು ಯಂತ್ರದ ಮೂಲಕ ಕೆಲವು ಗಂಟೆಗಳಲ್ಲಿ ಸಂಗ್ರಹಿಸುತ್ತಾರೆ. ಆದರೆ ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಮಜ್ಜೆಯನ್ನೇ ಬಳಸುವುದು ಮೇಲು, ಏಕೆಂದರೆ ಕಸಿಯಾದ ಕೋಶಗಳು ರೋಗಿಯ ದೇಹದ ಮೇಲೆ ತಿರುಗಿಬೀಳುವ ದೀರ್ಘಕಾಲದ ತೊಂದರೆ ಆಗ ಕಡಿಮೆ. ಅದಕ್ಕಾಗಿ ನಿಮಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಸೂಜಿಯಲ್ಲಿ ತೆಗೆಯುತ್ತಾರೆ. ಕೆಲವು ದಿನ ಸೊಂಟನೋವು, ಸ್ವಲ್ಪ ಸುಸ್ತು ಇರುತ್ತದೆ. ಕೊಟ್ಟ ಮಜ್ಜೆ ಕೆಲವೇ ವಾರಗಳಲ್ಲಿ ಭರ್ತಿಯಾಗುತ್ತದೆ. ಗರ್ಭಿಣಿಯರಿಂದ ತೆಗೆಯುವುದಿಲ್ಲ ಎಂಬುದನ್ನು ಬಿಟ್ಟರೆ ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅತ್ತೆಯವರನ್ನು ಒಮ್ಮೆ ಕಸಿ ತಜ್ಞರ ಭೇಟಿಗೆ ಕರೆದುಕೊಂಡು ಹೋಗಿರಿ. ನಿಮ್ಮ ಬಾಯಿಂದ ಕೇಳುವುದಕ್ಕಿಂತ ಅವರ ಬಾಯಿಂದ ಕೇಳಿದರೆ ಧೈರ್ಯ ಬರುತ್ತದೆ.

ತಮ್ಮನ ದೇಹದಲ್ಲಿ ನಡೆಯುವುದು ಹೊಲ ಹಸನುಮಾಡಿ ನಾಟಿ ಮಾಡಿದಂತೆ: ಮೊದಲು ಔಷಧಗಳಿಂದ ಹಳೆಯ ರೋಗನಿರೋಧಕ ಕೋಶಗಳನ್ನು ತೆರವುಗೊಳಿಸಿ, ಆಮೇಲೆ ನಿಮ್ಮ ಮಜ್ಜೆಯನ್ನು ರಕ್ತ ಕೊಡುವ ಹಾಗೆಯೇ ನಾಳದ ಮೂಲಕ ಹರಿಸುತ್ತಾರೆ. ಕೋಶಗಳು ಮೂಳೆಯೊಳಗಿನ ಜಾಗವನ್ನು ತಾವಾಗಿಯೇ ಹುಡುಕಿಕೊಂಡು ಹೋಗುತ್ತವೆ. ಈ ಚಿಕಿತ್ಸೆಯನ್ನು ರೂಪಿಸಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, 1986ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಆರಂಭವಾಯಿತು.

ಯಾರೂ ಹೇಳದೆ ಬಿಡುವ ಮಾತೊಂದಿದೆ. ಕಸಿಗೆ ಮುಂಚೆ ಮನೆಯವರು, ರಕ್ತಸಂಬಂಧಿಗಳು ರೋಗಿಗೆ ರಕ್ತ ಕೊಡಬಾರದು. ಆ ರಕ್ತದ ಪರಿಚಯವಾದ ರೋಗಿಯ ದೇಹ, ಮುಂದೆ ಬರುವ ಮಜ್ಜೆಯನ್ನು ತಿರಸ್ಕರಿಸುವ ಸಂಭವ ಹೆಚ್ಚುತ್ತದೆ. ಪ್ರೀತಿಯಿಂದ ತೋಳು ಚಾಚುವ ಅಣ್ಣತಮ್ಮಂದಿರನ್ನು, ಚಿಕ್ಕಪ್ಪಂದಿರನ್ನು ತಡೆದು, ಸ್ನೇಹಿತರಿಂದ ರಕ್ತ ಕೊಡಿಸಿರಿ.

ಪ್ರಶ್ನೆ: ಮೂರು ವರ್ಷದಿಂದ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿಗೆ ಇಮಾಟಿನಿಬ್ ನುಂಗುತ್ತಿದ್ದೇನೆ. ವರದಿಗಳೆಲ್ಲ ಚೆನ್ನಾಗಿವೆ. ನಿಲ್ಲಿಸಬಹುದೇ?
— ಓದುಗರು, ಮಂಗಳೂರು

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಮಜ್ಜೆಯ ಒಂದು ಆಕರಕೋಶದಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಸದಾ ಚಾಲೂ ಇರುವ ಒಂದು ಕಿಣ್ವ ಹುಟ್ಟುವುದೇ ಈ ರೋಗದ ಬೇರು. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಆ ಗಿಡ್ಡ ವರ್ಣತಂತು ಕಣ್ಣಿಗೆ ಬಿತ್ತು, 1973ರಲ್ಲಿ ಜಾನೆಟ್ ರೌಲಿ ಅದಲುಬದಲನ್ನು ವಿವರಿಸಿದರು, 2001ರಲ್ಲಿ ಆ ಕಿಣ್ವವನ್ನು ಗುರಿಯಾಗಿಸಿ ತಡೆಯುವ ಇಮಾಟಿನಿಬ್ ಅಮೆರಿಕದಲ್ಲಿ ಬಳಕೆಗೆ ಬಂತು. ಅದರ ಪೇಟೆಂಟ್ ಕೋರಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಭಾರತೀಯ ಕಂಪನಿಗಳ ಅಗ್ಗದ ಮಾತ್ರೆ ನಿಮ್ಮ ಕೈಗೆ ಸಿಗುತ್ತಿದೆ.

ಸಿಬಿಸಿ (ರಕ್ತಕಣಗಳ ಎಣಿಕೆ) ಚೆನ್ನಾಗಿದೆ ಎಂದರೆ ಮಜ್ಜೆಯಲ್ಲಿ ಆ ಕೋಶಗಳು ಅಳಿದಿವೆ ಎಂದಲ್ಲ. ಆ ಅದಲುಬದಲಿನ ಗುರುತನ್ನು ರಕ್ತದಲ್ಲಿ ಅಳೆಯುವ ಬಿಸಿಆರ್-ಎಬಿಎಲ್ ಎಂಬ ಪಿಸಿಆರ್ ಪರೀಕ್ಷೆಯಲ್ಲಿ ಹಲವು ವರ್ಷ ಸತತವಾಗಿ ಅತ್ಯಲ್ಪ ಮಟ್ಟ ಉಳಿದವರಲ್ಲಿ ಮಾತ್ರ, ವೈದ್ಯರ ನಿಗಾದಲ್ಲಿ ನಿಲ್ಲಿಸಿ ನೋಡುವ ಕ್ರಮವಿದೆ; ಹಾಗೆ ನಿಲ್ಲಿಸಿದವರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ, ಬಹುತೇಕ ಮೊದಲ ಆರು ತಿಂಗಳೊಳಗೆ, ಮತ್ತೆ ಶುರುಮಾಡಬೇಕಾಗುತ್ತದೆ. ನಿಮ್ಮ ಮೂರು ವರ್ಷ ಅದಕ್ಕೆ ಸಾಲದು. ಸದ್ಯಕ್ಕೆ ಮೂರು ತಿಂಗಳಿಗೊಮ್ಮೆ ಪಿಸಿಆರ್ ಮಾಡಿಸುತ್ತಾ, ಮಾತ್ರೆಯನ್ನು ಊಟದ ಜೊತೆ ದೊಡ್ಡ ಲೋಟ ನೀರಿನಲ್ಲಿ ನುಂಗುತ್ತಾ ಮುಂದುವರಿಯಿರಿ. ಊರಿಗೆ ಹೋಗುವಾಗ ಹೆಚ್ಚುವರಿ ಪಟ್ಟಿಯೊಂದು ಚೀಲದಲ್ಲಿರಲಿ.